ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬಲಗೈ ಹೆಬ್ಬೆರಳು ಇನ್ನೂ ಊದಿಕೊಂಡಿದೆ. ಮೊಬೈಲ್‌ನಲ್ಲಿ ‘ಬರ್ತೀನಿ’ ಅಂತ ಒತ್ತಿದರೆ ಬೇರೇನೋ ಬೀಳುತ್ತದೆ. ಎಲ್ಲರಿಗೂ ಹೆಬ್ಬೆಟ್ಟೆತ್ತಿದ ಚಿತ್ರ ಕಳಿಸಿ ಸುಮ್ಮನಾಗಿದ್ದೇನೆ. ಸದ್ಯಕ್ಕೆ ನನ್ನ ಬಳಿ ನೆಟ್ಟಗಿರುವ ಹೆಬ್ಬೆಟ್ಟು ಅದೊಂದೇ.

ಆಫೀಸಿನವರೆಲ್ಲ ಬೌಲಿಂಗ್‌ಗೆ ಹೋಗಿದ್ದೆವು. ಕ್ರಿಕೆಟ್ ಅಲ್ಲ, ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಪಿನ್ ಇರುವುದು 60 ಅಡಿ ದೂರದಲ್ಲಿ. ನನ್ನ ಚೆಂಡಿಗೆ ಅಷ್ಟು ದೂರ ನಡೆಯುವ ಮನಸ್ಸಿರಲಿಲ್ಲ, ಅರ್ಧದಲ್ಲೇ ಪಕ್ಕದ ಚರಂಡಿಗೆ ಇಳಿಯುತ್ತಿತ್ತು. ಮೂರನೇ ಸಲ ಇಳಿದಾಗ, “ಇದರೊಳಗೆ ಒಂದು ಕಡೆ ಭಾರ ಜಾಸ್ತಿ ಇದೆ” ಅಂದೆ. ಸುಮ್ನೆ ಅಂದಿದ್ದು. ಮಾನ ಉಳಿಸಿಕೊಳ್ಳಲು ಯಾರಾದರೂ ಹೇಳುವ ಮಾತು, ಅಲ್ವಾ?

ನಮ್ಮಲ್ಲೊಬ್ಬರು ಸ್ವಂತ ಚೆಂಡು ತಂದಿದ್ದರು. ಹಸುಗೂಸಿನಂತೆ ಚೀಲದಿಂದ ಎತ್ತುತ್ತಾರೆ. ಒರೆಸುತ್ತಾರೆ. ಎಸೆಯುತ್ತಾರೆ. ವಾಪಸ್ ಬಂದ ಕೂಡಲೇ ಮತ್ತೆ ಒರೆಸುತ್ತಾರೆ. ನೆಗಡಿಯಾದ ಮಗುವಿನ ಮೂಗನ್ನೂ ಯಾರೂ ಅಷ್ಟು ಸಲ ಒರೆಸಿರಲಿಕ್ಕಿಲ್ಲ. ಒರೆಸಿದರೆ ಒರೆಸಲಿ, ಒರೆಸುವಷ್ಟು ಹೊತ್ತೂ ಮಾತಾಡುತ್ತಾರೆ.

“ಇಲ್ಲಿ ಕೊಡೋದು ಬರೀ ಪ್ಲಾಸ್ಟಿಕ್ ಚೆಂಡು. ಬೆರಳಿನ ತೂತು ಕೊರೆದು ಹೋದ ತೂಕ ತುಂಬಿಸೋಕೆ ಒಳಗೊಂದು ಬಿಲ್ಲೆ ಇರುತ್ತೆ, ಅಷ್ಟೇ. ಅದು ನೆಟ್ಟಗೇ ಹೋಗುತ್ತೆ. ಸೊಟ್ಟ ಇರೋದು ನಿಮ್ಮ ಮಣಿಕಟ್ಟು.”

ಒಂದೇ ಒಂದು ನೆಪ ಇತ್ತು. ಅದನ್ನೂ ಬಟ್ಟೆಯಲ್ಲಿ ಒರೆಸಿಬಿಟ್ಟರು.

ಅವರ ಚೆಂಡಿನೊಳಗೆ ಬಲ್ಬ್ ಆಕಾರದ ಕೋರ್, ಅಂದರೆ ಭಾರದ ತಿರುಳು, ಇದೆಯಂತೆ. ಚೆಂಡು ಉರುಳುವ ಲೇನ್‌ನ ಮೊದಲ ಸುಮಾರು 40 ಅಡಿಗೆ ಎಣ್ಣೆ ಬಳಿದಿರುತ್ತಾರೆ, ಅಲ್ಲಿ ಚೆಂಡು ಜಾರುತ್ತದೆ. ಮುಂದಿನ ಒಣ ನೆಲದಲ್ಲಿ ಹಿಡಿತ ಸಿಕ್ಕಿ ತಿರುಗುತ್ತದೆ. ಕೋರ್ ಓರೆಯಾಗಿ ಕೂತಿದ್ದರೆ ಚೆಂಡು ಸುತ್ತುವ ಅಕ್ಷ ಸರಿಯುತ್ತಾ ಹೋಗಿ, ಪ್ರತಿ ಸುತ್ತಿಗೂ ಎಣ್ಣೆ ತಾಗದ ಹೊಸ ಜಾಗ ನೆಲಕ್ಕೆ ತಗಲುತ್ತದೆ. “ನೋಡಿ” ಎಂದು ಚೆಂಡಿನ ಮೇಲೆ ಸಾಲಾಗಿ ಬಿದ್ದ ಎಣ್ಣೆಯ ಗೆರೆಗಳನ್ನು ತೋರಿಸಿದರು. ನಾನು ನೋಡುವಷ್ಟರಲ್ಲಿ ಒರೆಸಿದರು.

ಚಿಕ್ಕವನಿದ್ದಾಗ ನನ್ನ ಬುಗುರಿಯ ಮೊಳೆ ಸ್ವಲ್ಪ ಓರೆಯಾಗಿತ್ತು. ತಲೆ ತೂಗುತ್ತಾ, ಎಲ್ಲರ ಬುಗುರಿಗಿಂತ ಮೊದಲು ಮಲಗುತ್ತಿತ್ತು. ಆಗ ಯಾರೂ ಅಕ್ಷದ ಮಾತು ಎತ್ತಲಿಲ್ಲ. ಅಪ್ಪ ಕಲ್ಲಿನಿಂದ ಎರಡೇಟು ಹೊಡೆದು ಮೊಳೆ ನೆಟ್ಟಗೆ ಮಾಡಿ ಕೊಟ್ಟಿದ್ದರು.

“ಇದರಲ್ಲಿ ಒಮ್ಮೆ ಎಸೆದು ನೋಡಿ” ಎಂದರು ಒರೆಸುವವರು. ಅದು ಅವರ ಬೆರಳಿನ ಅಳತೆಗೆ ಕೊರೆದ ಚೆಂಡು. ನನ್ನ ಹೆಬ್ಬೆರಳು ಒಳಗೆ ಹೋಯಿತು, ಹೊರಗೆ ಬರಲಿಲ್ಲ. 15 ಪೌಂಡ್, ಅಂದರೆ ಸುಮಾರು ಏಳು ಕೆಜಿ, ಮುಂದೆ ಹೊರಟಿತು. ಹಿಂದೆ ನಾನೂ ಹೊರಟೆ. ಎಸೆಯುವವರು ದಾಟಬಾರದ ಫೌಲ್ ಗೆರೆಯನ್ನು ದಾಟಿದ ಮೇಲೆ ಎಣ್ಣೆಯ ವಿಷಯದಲ್ಲಿ ಅವರು ಸುಳ್ಳು ಹೇಳಿಲ್ಲ ಅಂತ ಗೊತ್ತಾಯಿತು. ಬೆನ್ನು ಕೆಳಗೆ, ಕಾಲು ಮೇಲೆ. ಆಗ ಟಪ್ ಅಂತ ಬೆರಳು ಬಿಟ್ಟಿತು.

ಅವರು ಓಡಿ ಬಂದರು. ನನ್ನ ಹತ್ತಿರಕ್ಕಲ್ಲ, ಗೆರೆಯ ತನಕ. ಕೈಯಲ್ಲಿ ಬಟ್ಟೆ, ಕಣ್ಣು ಚೆಂಡಿನ ಮೇಲೆ. ಅಷ್ಟೆಲ್ಲ ಕೋರ್ ಇಟ್ಟುಕೊಂಡ ಆ ಚೆಂಡು ಒಂದಿಂಚೂ ತಿರುಗದೆ, ಸಂಜೆ ವಾಕಿಂಗ್ ಹೊರಟವರಂತೆ ನೆಟ್ಟಗೆ ಹೋಗಿ ನಾಲ್ಕು ಪಿನ್ ಕೆಡವಿತು.

“ಕೈಯಿಂದ ಸುತ್ತು ಕೊಡದಿದ್ದರೆ ಕೋರ್ ಪಾಪ ಏನು ಮಾಡುತ್ತೆ?” ಎಂದರು.

ನಾನು ಮಲಗಿದಲ್ಲಿಂದಲೇ ಸ್ಕೋರ್ ನೋಡಿದೆ. ಫೌಲ್ ಅಂತೆ. ಸೊನ್ನೆ.