ಅರ್ಧ ಪುಸ್ತಕ ಹಾರಿಸಿ ಬಂದವರು

ನಿನ್ನೆ ಸಂಜೆ ಓದುಗರ ಕೂಟಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದೆ. ಪುಸ್ತಕ, ಆಸ್ಟ್ರೇಲಿಯಾದ ಲೇಖಕಿ ಮಿಶೆಲ್ ಡಿ ಕ್ರೆಟ್ಸರ್ ಅವರ ಕಾದಂಬರಿ 'ಕ್ವೆಶ್ಚನ್ಸ್ ಆಫ್ ಟ್ರಾವೆಲ್'. ಒಬ್ಬರು ಎದ್ದು ನಿಂತು, "ಲಾರಾ ಚಾಪ್ಟರ್ ಎಲ್ಲಾ ಸೂಪರ್, ರವಿದು ಬಂದಾಗ ಪುಟ ಹಾರಿಸಿಬಿಟ್ಟೆ, ಬರೀ ಗೋಳು" ಅಂದರು. ಸುತ್ತ ಕೂತವರು ನಗುತ್ತಾ ತಲೆಯಾಡಿಸಿದರು.

ಹಾರಿಸಿಬಿಟ್ಟರಂತೆ! ಒಮ್ಮೆ ಅವಳ ಕಥೆ, ಒಮ್ಮೆ ಇವನ ಕಥೆ ಅಂತ ಜಡೆ ಹೆಣೆದ ಹಾಗೆ ಹೆಣೆದ ಕಾದಂಬರಿ ಅದು. ಲಾರಾ ಸಿಡ್ನಿಯವಳು, ಹಿರಿಯಳೊಬ್ಬಳು ಬಿಟ್ಟುಹೋದ ದುಡ್ಡಿನಲ್ಲಿ ದೇಶ ಸುತ್ತುತ್ತಾಳೆ, ಸುತ್ತಿ ಸಾಕಾಗಿ ಊರಿಗೆ ಬಂದು ಟ್ರಾವೆಲ್ ಗೈಡ್ ಪುಸ್ತಕ ಮಾಡುವ ಕಂಪನಿಗೆ ಸೇರುತ್ತಾಳೆ. ರವಿ ಶ್ರೀಲಂಕಾದವನು. ಹೆಂಡತಿ, ಪುಟ್ಟ ಮಗ, ಇಬ್ಬರನ್ನೂ ಕೊಂದಿದ್ದಾರೆ. ಜೀವ ಉಳಿಸಿಕೊಳ್ಳಲು ಸಿಡ್ನಿಗೆ ಓಡಿಬಂದವನಿಗೆ ಕೆಲಸ ಸಿಗುವುದೂ ಅದೇ ಗೈಡ್ ಕಂಪನಿಯಲ್ಲಿ. ಇದಕ್ಕಿಂತ ಕ್ರೂರವಾದ ತಮಾಷೆ ಬೇಕಾ? ಲೇಖಕಿಗೆ ಆ ಆಫೀಸಿನ ಒಳಹೊರಗು ಚೆನ್ನಾಗಿ ಗೊತ್ತು. ಕೊಲಂಬೊದಲ್ಲಿ ಹುಟ್ಟಿ, 14ನೇ ವಯಸ್ಸಿಗೆ ಆಸ್ಟ್ರೇಲಿಯಾ ಸೇರಿ, ಮುಂದೆ ಇಂಥದ್ದೇ ಗೈಡ್ ಕಂಪನಿ ಲೋನ್ಲಿ ಪ್ಲಾನೆಟ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಪ್ರಶಸ್ತಿ, 2013ರ ಮೈಲ್ಸ್ ಫ್ರಾಂಕ್ಲಿನ್, ಈ ಪುಸ್ತಕಕ್ಕೆ ಸುಮ್ನೆ ಬರಲಿಲ್ಲ.

ನಾನು ವರ್ಷಗಟ್ಟಲೆ ವೀಸಾ ಡೆಸ್ಕ್‌ನಲ್ಲಿ ಕೂತವಳು. ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು ಎಫ್‌ಡಿ ರಸೀದಿ, ಮನೆ ಪತ್ರ ಎಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬರುತ್ತಿದ್ದರು. ವಾಪಸ್ ಬರುತ್ತೇನೆ ಅನ್ನುವುದಕ್ಕೆ ಸಾಕ್ಷಿ ಕೊಡಬೇಕು. ವಾಪಸ್ ಹೋಗಲು ಮನೆಯೇ ಉಳಿದಿಲ್ಲದವನು ಯಾವ ಕಾಗದ ತರುತ್ತಾನೆ? ಆ ಪುಟಗಳನ್ನೇ ಅಲ್ವಾ ಇವರು ಹಾರಿಸಿದ್ದು!

"ಪುಸ್ತಕ ಉದ್ದ ಜಾಸ್ತಿ, ಮೇಡಂ" ಅಂದರು ಇನ್ನೊಬ್ಬರು. ಒಪ್ಪಿದೆ. ಐವತ್ತು ಪುಟ ಕಡಿಮೆ ಇದ್ದಿದ್ದರೆ ನನಗೂ ಖುಷಿಯೇ. ಆದರೆ ಲಾರಾ ಕೆಲಸವಿಲ್ಲದೆ ಊರೂರು ಅಲೆಯುವಾಗ ಇವರಿಗೆ ಒಂದು ಆಕಳಿಕೆಯೂ ಬರಲಿಲ್ಲವಂತೆ. ಉದ್ದ ಅನ್ನಿಸಿದ್ದು ರವಿಯ ಪಾಲು ಮಾತ್ರ.

ಇಷ್ಟೆಲ್ಲಾ ಕೂಗಾಡಿ ಮನೆಗೆ ಬಂದ ಮೇಲೆ ನನ್ನದೇ ಒಂದು ಪೆದ್ದುತನ ನೆನಪಾಯಿತು. 2022ರಲ್ಲಿ ಪಾಸ್‌ಪೋರ್ಟಿಗಾಗಿ ಜನ ರಾತ್ರಿಯೆಲ್ಲ ಕ್ಯೂ ನಿಂತ ಅದೇ ಶ್ರೀಲಂಕಾಕ್ಕೆ, ಮರುವರ್ಷ ನಾನು ಸಮುದ್ರ ನೋಡಲು ಹೋಗಿದ್ದೆ. ಗಾಲೆಯಲ್ಲಿ ಆಟೋ ಓಡಿಸುತ್ತಿದ್ದ ಹುಡುಗ, ಮುಂದಿನ ತಿಂಗಳು ಕತಾರ್‌ಗೆ ಹೋಗುತ್ತಿದ್ದೇನೆ ಅಂದ. "ಅಯ್ಯೋ, ಇಷ್ಟು ಚೆಂದದ ಊರು ಬಿಟ್ಟು ಯಾಕಪ್ಪಾ ಹೋಗ್ತೀಯಾ?" ಅಂತ ಕೇಳಿದೆ. ವೀಸಾ ಡೆಸ್ಕ್‌ನಲ್ಲಿ ಕೂತಿದ್ದ ನಾನೇ!

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ನೀವು ಎಷ್ಟು ದಿನ ಇರ್ತೀರಾ ಮೇಡಂ?"

ಐದು ದಿನ ಅಂದೆ.