ಡಾಲರ್ ಲೆಕ್ಕಕ್ಕೆ ಸ್ಟೇಟ್‌ಮೆಂಟೇ ಆಧಾರವಾಗಲಿ

ಅನುವಾದದ ಕೆಲಸಕ್ಕೆ ನನಗೆ ಡಾಲರ್‌ನಲ್ಲಿ ಸಂಭಾವನೆ ಬರುತ್ತದೆ. ಒಂದೆರಡು ಚಂದಾ ಹಣವೂ ಡಾಲರ್‌ನಲ್ಲೇ ಹೋಗುತ್ತದೆ. ಇಷ್ಟು ಸಣ್ಣ ವ್ಯವಹಾರವಿದ್ದರೂ ಕಳೆದ ಮಾರ್ಚ್ ಕೊನೆಗೆ ಬ್ಯಾಂಕಿನ ಶಿಲ್ಕಿಗೂ ನಾನು ಲೆಕ್ಕ ಇಡುವ ಗ್ನೂಕ್ಯಾಶ್ ತಂತ್ರಾಂಶದ ಪುಸ್ತಕದ ಶಿಲ್ಕಿಗೂ ತಾಳೆಯಾಗದೆ ಎರಡು ಭಾನುವಾರ ಕಳೆದವು. ವಿದೇಶಿ ಹಣದ ವಹಿವಾಟನ್ನು ಬ್ಯಾಂಕಿನ ಕಡತದಿಂದ ಪುಸ್ತಕಕ್ಕೆ ಇಂಪೋರ್ಟ್ ಮಾಡುವಾಗ ವಿನಿಮಯ ದರವನ್ನು ಅಂತರ್ಜಾಲದಿಂದ ತರಬಾರದು, ನಿಜವಾಗಿ ಹೋದ ಅಥವಾ ಬಂದ ಎರಡೂ ಮೊತ್ತಗಳನ್ನು ಬರೆದು ದರ ತಾನಾಗಿ ಹೊರಬೀಳುವಂತೆ ಮಾಡಬೇಕು ಎಂಬುದು ಆಗ ನನಗೆ ಖಚಿತವಾಯಿತು.

ಕ್ರೆಡಿಟ್ ಕಾರ್ಡಿನಲ್ಲಿ 20 ಡಾಲರ್ ಚಂದಾ ಕಟ್ಟಿದಿರಿ, ಅಂದಿನ ದರ 84 ರೂಪಾಯಿ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ 1,680 ರೂಪಾಯಿ. ವಿದೇಶಿ ಹಣದ ಖರ್ಚಿಗೆ ಶೇ 3.5ರಷ್ಟು ಮಾರ್ಕಪ್, ಅಂದರೆ ಹೆಚ್ಚುವರಿ ಶುಲ್ಕ, ಹಾಕುವ ಕಾರ್ಡಾದರೆ ಅದರ ಮೇಲೆ 58.80, ಆ ಮಾರ್ಕಪ್‌ಗೆ ಶೇ 18 ಜಿಎಸ್‌ಟಿ 10.58, ಒಟ್ಟು 1,749.38. ನನ್ನ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಇವು ಮೂರು ಬೇರೆ ಸಾಲುಗಳು, ಮಾರ್ಕಪ್ ಸಾಲಂತೂ ಕೆಲವೊಮ್ಮೆ ಎರಡು ದಿನ ತಡವಾಗಿ ಬರುತ್ತದೆ. ನಾನು ಮಾರ್ಕಪ್ ಮತ್ತು ಅದರ ಜಿಎಸ್‌ಟಿಯನ್ನು ಚಂದಾ ಖರ್ಚಿಗೆ ಸೇರಿಸದೆ ‘ವಿನಿಮಯ ವೆಚ್ಚ’ ಎಂಬ ಪ್ರತ್ಯೇಕ ಖಾತೆಗೆ ಹಾಕುತ್ತೇನೆ, ಏಕೆಂದರೆ ಡಾಲರ್‌ನಲ್ಲಿ ಖರ್ಚು ಮಾಡಿದ್ದಕ್ಕೇ ವರ್ಷಕ್ಕೆ ಎಷ್ಟು ತೆತ್ತೆ ಎಂಬುದು ಕಣ್ಣಿಗೆ ಬೀಳಬೇಕು.

ಆದಾಯಕ್ಕೆ ಡಾಲರ್‌ನಲ್ಲೇ ‘ಬರಬೇಕಾದ ಹಣ’ ಎಂಬ ಖಾತೆ ಇಟ್ಟಿದ್ದೇನೆ. ಬಿಲ್ ಕಳುಹಿಸಿದ ದಿನ ಅಲ್ಲಿ 500 ಡಾಲರ್ ಏರುತ್ತದೆ. ಬ್ಯಾಂಕಿಗೆ ರೂಪಾಯಿ ಬಿದ್ದ ದಿನ ಅದು ಇಳಿಯುತ್ತದೆ. ಗ್ನೂಕ್ಯಾಶ್ ಎರಡು ಕರೆನ್ಸಿಗಳ ನಡುವಿನ ವರ್ಗಾವಣೆಗೆ ದರ ಕೇಳಿದಾಗ ದರದ ಬದಲು ಸೇರಿದ ಮೊತ್ತವನ್ನೇ ತುಂಬಬಹುದು. ನಾನು ಯಾವಾಗಲೂ ಮಾಡುವುದು ಅದನ್ನೇ.

ಬ್ಯಾಂಕಿನಿಂದ ಇಳಿಸಿಕೊಳ್ಳುವ ಕಡತದ ರೂಪವನ್ನೂ ಗಮನಿಸಬೇಕು. ಕ್ಯೂಐಎಫ್ ಎಂಬ ಹಳೆಯ ರೂಪದ ಕಡತದಲ್ಲಿ ಕರೆನ್ಸಿ ಯಾವುದೆಂದು ಹೇಳುವ ಜಾಗವೇ ಇಲ್ಲ. ಒಎಫ್‌ಎಕ್ಸ್ ಎಂಬ ಇನ್ನೊಂದು ರೂಪದಲ್ಲಿ ಆ ಜಾಗ ಇದೆ, ಮೂಲ ಕರೆನ್ಸಿ ಮತ್ತು ದರವನ್ನೂ ಅದು ಹೊರಬಲ್ಲದು. ನಮ್ಮಲ್ಲಿ ಹೆಚ್ಚಾಗಿ ಸಿಗುವ, ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿಯ ಸಾಲುಗಳಿರುವ ಸಿಎಸ್‌ವಿಯಲ್ಲಿ ಎಲ್ಲವೂ ನಮ್ಮ ಹೊಣೆ: 03/04 ಎಂಬುದು ಏಪ್ರಿಲ್ 3 ಆಗಬಹುದು, ಅಮೆರಿಕದ ರೂಢಿಯಲ್ಲಿ ಮಾರ್ಚ್ 4 ಆಗಬಹುದು, ಮತ್ತು ಆ ಒಂದು ತಪ್ಪು ವಹಿವಾಟನ್ನು ಬೇರೆ ಆರ್ಥಿಕ ವರ್ಷಕ್ಕೇ ತಳ್ಳಿಬಿಡುತ್ತದೆ. ಕುವೈತ್‌ನಲ್ಲಿ ದುಡಿಯುವ ಮಂಗಳೂರಿನ ಗೆಳೆಯರೊಬ್ಬರ ಕಷ್ಟ ಇನ್ನೊಂದು ಬಗೆಯದು. ಒಂದು ದಿನಾರ್‌ಗೆ ಸಾವಿರ ಫಿಲ್ಸ್ ಇರುವುದರಿಂದ ದಶಮಾಂಶದ ನಂತರ ಮೂರು ಅಂಕಿ ಬೇಕು. ಅವರ ಸ್ಪ್ರೆಡ್‌ಶೀಟ್ ಎರಡಕ್ಕೇ ಕತ್ತರಿಸಿ, ಪ್ರತಿ ಸಾಲಿನಲ್ಲೂ ಕೆಲವು ಫಿಲ್ಸ್ ಸೋರಿಹೋಗುತ್ತಿದ್ದವು. ಈಗ ಅವರು ಬ್ಯಾಂಕಿನ ಕಡತವನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಉಳಿಸುವುದನ್ನೇ ಬಿಟ್ಟು, ಬಂದ ಹಾಗೆಯೇ ಇಂಪೋರ್ಟ್ ಮಾಡುತ್ತಾರೆ.