ಎಡಗಡೆ ಭಾವ, ಬಲಗಡೆ ದೊಡ್ಡಮ್ಮ

ಮುಂಬೈಯವರಿಗೆ ಸೀಟಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೋಕಲ್‌ನಲ್ಲಿ ಮೂರು ಜನರ ಸೀಟಿನ ತುದಿಗೆ ‘ಫೋರ್ತ್ ಸೀಟ್’ ಅಂತ ಅರ್ಧ ದೇಹ ಊರಿ ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಹೋಗುವ ಜನ ನಾವು. ಆದರೆ ಗಣಪತಿ ಜಾಗರಣೆಯ ರಾತ್ರಿ ಇಸ್ಪೀಟ್ ಎಲೆ ಆಡಲು ಕೂತಾಗ ಮಾತ್ರ ಈ ಬುದ್ಧಿ ಎಲ್ಲಿಗೆ ಹೋಗುತ್ತದೋ.

ಮೊದಲೆಲ್ಲ ರಮ್ಮಿ ಆಡುತ್ತಿದ್ದೆವು. ಅಣ್ಣನ ಮಗ ಗೋವಾಕ್ಕೆ ಹೋಗಿ ಮಾಂಡವಿ ನದಿಯ ಕ್ಯಾಸಿನೊ ಹಡಗು ನೋಡಿ ಬಂದಮೇಲೆ ಪೋಕರ್ ಶುರುವಾಯಿತು. ಹಣ ಇಲ್ಲ, ಹುಣಸೆ ಬೀಜ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲೇ ಆಟ ಸುತ್ತುತ್ತದೆ, ಗಣಪತಿಯ ಮುಂದೆ ಅದೊಂದು ಸಮಾಧಾನ. ‘ಬಟನ್’ ಅನ್ನುವ ಬಿಲ್ಲೆ ಯಾರ ಮುಂದಿದೆಯೋ ಅವರದು ಹೆಚ್ಚಾಗಿ ಕೊನೆಯ ಸರದಿ. ಉಳಿದವರೆಲ್ಲ ಏನು ಮಾಡಿದರು ಅಂತ ನೋಡಿಯೇ ಬೀಜ ಹಾಕಬಹುದು. ಪ್ರತಿ ಆಟಕ್ಕೂ ಬಟನ್ ಒಬ್ಬರಿಂದ ಒಬ್ಬರಿಗೆ ದಾಟುವುದರಿಂದ ಆ ಭಾಗ್ಯ ಎಲ್ಲರಿಗೂ ಸಿಗುತ್ತದೆ. ನಾವು ಬಟನ್ ಅಂತ ಒಂದು ಅಡಿಕೆ ಇಟ್ಟಿದ್ದೆವು. ನಡುರಾತ್ರಿಯ ಹೊತ್ತಿಗೆ ಪಕ್ಕದ ಮನೆಯ ಶೆಟ್ರು ಅದನ್ನು ವೀಳ್ಯದ ಜೊತೆ ಅಗಿದುಬಿಟ್ಟರು. ಕೊನೆಯ ಸರದಿ ಯಾರದು ಅಂತ ಅರ್ಧ ಗಂಟೆ ಜಗಳ.

ಬಟನ್ ತಿರುಗುತ್ತದೆ, ಆದರೆ ಪಕ್ಕದವರು ತಿರುಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಮನಸ್ಸಿಗೆ ಬಂದಂತೆ ಬೀಜ ಸುರಿಯುವವನು ನಮ್ಮ ಬಲಕ್ಕಿರಬೇಕು. ಅವನು ಸುರಿದದ್ದನ್ನು ನೋಡಿ ನಾವು ಹೆಚ್ಚಾಗಿ ಆಮೇಲೆ ಯೋಚಿಸಬಹುದು. ಎಡಕ್ಕೆ ಹೆದರಿ ಆಡುವವರಿದ್ದರೆ ಒಳ್ಳೆಯದು. ನನಗೆ ಸಿಕ್ಕಿದ್ದು ಸರಿಯಾಗಿ ಉಲ್ಟಾ. ಎಡಕ್ಕೆ ಭಾವ, ಎಲೆ ನೋಡುವ ಮೊದಲೇ ಬೀಜ ಏರಿಸುವವರು. ಬಲಕ್ಕೆ ದೊಡ್ಡಮ್ಮ, ತರಕಾರಿ ಚೌಕಾಸಿ ಮಾಡುವಷ್ಟು ಹುಷಾರಾಗಿ ಆಡುವವರು. ಜಾಗ ಬದಲಿಸೋಣ ಅಂದೆ. “ನೀವು ಆಚೆ ಕೂತ್ರೆ ಫ್ರಿಜ್ ಬಾಗಿಲು ತೆಗೆಯೋಕಾಗಲ್ಲ” ಅಂದರು ಅತ್ತಿಗೆ. ಅಲ್ಲಿಗೆ ಮುಗಿಯಿತು.

ಎಡಗಡೆಯವರನ್ನು ಓದುವುದಕ್ಕೆ ಒಂದು ಉಪಾಯ ಇದೆ. ತಮ್ಮ ಸರದಿಗೆ ಮೊದಲೇ ಎಲೆ ಎತ್ತಿ, ಎಸೆದು ಆ ಆಟ ಬಿಡಲು ಸಿದ್ಧರಾಗಿದ್ದಾರಾ ಅಂತ ಓರೆಗಣ್ಣಲ್ಲಿ ನೋಡುವುದು. ಭಾವ ಯಾವಾಗಲೂ ಎಲೆ ಎತ್ತಿಯೇ ಇರುತ್ತಿದ್ದರು, ಗಾಳಿ ಹಾಕಿಕೊಳ್ಳುವುದಕ್ಕೆ. ಎಲೆ ಹಾರುತ್ತವೆ ಅಂತ ಫ್ಯಾನ್ ಬಂದ್ ಮಾಡಿದ್ದೆವಲ್ಲ. ಎಲ್ಲರೂ ಬೆವರುತ್ತಿದ್ದರು. ಯಾರದು ಸುಳ್ಳಿನ ಬೆವರು, ಯಾರದು ಸೆಕೆಯದು, ಹೇಗೆ ಹೇಳೋದು?

ಎದುರು ಕೂತವರ ಮುಖ ಓದುವುದು ಸುಲಭ ಅಂತಾರೆ. ಕ್ಯಾಸಿನೊ ಮೇಜಿನಲ್ಲಿ ಎಲೆ ಹಂಚುವವನ ಎರಡೂ ಮಗ್ಗುಲಿಗೆ ಕೂತವರಿಗೆ ಅವನೇ ಅಡ್ಡ, ಒಬ್ಬರಿಗೊಬ್ಬರು ಕಾಣುವುದೇ ಕಷ್ಟ. ಅವನಿಗೆ ನೇರ ಎದುರು ಕೂತವನಿಗೆ ಇಡೀ ಮೇಜು ಕಾಣುತ್ತದೆ. ನನ್ನ ಎದುರು ದೊಡ್ಡಪ್ಪ ಇದ್ದರು. ಪಕ್ಕದಲ್ಲೇ ಗಣಪತಿ ಮಂಟಪದ ಸೀರಿಯಲ್ ಲೈಟು. ಅವರ ಮುಖ ಒಮ್ಮೆ ಕೆಂಪು, ಒಮ್ಮೆ ಹಸಿರು. ನಡುವೆ ಮೊದಲ ಮೂರು ಎಲೆ ತೆರೆದಾಗ ಎಲೆ ನೋಡಬೇಡ, ಜನರ ಮುಖ ನೋಡು, ಎಲೆ ಎಲ್ಲೂ ಓಡಿಹೋಗಲ್ಲ ಅಂತ ಅಣ್ಣನ ಮಗ ಹೇಳಿಕೊಟ್ಟಿದ್ದ. ನೋಡಿದೆ. ದೊಡ್ಡಪ್ಪ ನೀಲಿಯಾದರು.

ನಿಜವಾಗಿ ಒಳ್ಳೆಯ ಜಾಗ ಇದ್ದದ್ದು ಆಡದೇ ಇದ್ದ ಅತ್ತಿಗೆಗೆ. ಚಹಾ ಕೊಡುತ್ತಾ ಎಲ್ಲರ ಬೆನ್ನ ಹಿಂದೆ ಸುತ್ತುತ್ತಿದ್ದರು. ಕ್ರಮೇಣ ನಾವೆಲ್ಲ ಎದುರಾಳಿಯನ್ನು ಬಿಟ್ಟು ಅತ್ತಿಗೆಯ ಮುಖ ಓದಲು ಶುರು ಮಾಡಿದೆವು.

ಬೆಳಗಿನ ಜಾವ ದೊಡ್ಡಮ್ಮ ತಮ್ಮ ಬೀಜವನ್ನೆಲ್ಲ ನಡುವಿಗೆ ತಳ್ಳಿದರು. ಹಿಂದೆ ನಿಂತ ಅತ್ತಿಗೆ ಎಲೆ ನೋಡಿದರು, ಹುಬ್ಬು ಹಣೆಗೇರಿತು, ಲೋಟ ತುಳುಕಿತು. ನಾನು ಎಲೆ ಎಸೆದೆ. ಭಾವ ಕೂಡ ಎಸೆದರು! ಭಾವ ಕೂಡ ಎಸೆದರು! ದೊಡ್ಡಮ್ಮ ಬೀಜ ಬಾಚಿಕೊಂಡು ಎಲೆ ತೋರಿಸಿದರು: ಕಳಾವರ್ ಏಳು, ಆಟೀನ್ ಎರಡು. ಈ ಆಟದಲ್ಲಿ ಕೈಗೆ ಬರಬಹುದಾದ ಅತಿ ಕೆಟ್ಟ ಜೋಡಿ.

“ಮತ್ತೆ ನೀವು ಯಾಕೆ ಹಾಗೆ ಬೆಚ್ಚಿದ್ದು?” ಅಂತ ಭಾವ ಅತ್ತಿಗೆಯ ಮೇಲೆ ರೇಗಿದರು.

“ಏನೂ ಇಲ್ದೆ ಅಷ್ಟೂ ಬೀಜ ಹಾಕ್ಬಿಟ್ರಲ್ಲ ಅಂತ ಗಾಬರಿಯಾಯ್ತಪ್ಪ!”